ಹಿತ್ತಾಳೆಯ ನಟ್ಟು

ಅಕ್ಟೋಬರ್ 11, 1982. ಬೆಳಿಗ್ಗೆ 6
ಗ್ಯಾಸಿನ ಚೆಕ್ಕಿಂಗ್ ಆಯಿತು. ತೆಂಗಿನ ಗೆರಟೆಯಲ್ಲಿ ಬಾರ್ ಸೋಪಿನ ನೊರೆ. ಸಿಲಿಂಡರ್, ರಬ್ಬರ್ ಪೈಪು, ಗೋಡೆಯ ಹಿತ್ತಾಳೆಯ ನಟ್ಟು — ಮೂರಕ್ಕೂ ಬಳಿದೆ. ಗುಳ್ಳೆ ಇಲ್ಲ, ಲೀಕ್ ಇಲ್ಲ. ಆದರೂ ಸ್ಪ್ಯಾನರ್ ಹಾಕಿ ನಟ್ಟನ್ನು ಬಲಕ್ಕೆ ಕೂದಲೆಳೆಯಷ್ಟು ಬಿಗಿ ಮಾಡಿದೆ. ಪ್ರಿವೆನ್ಷನ್ ಈಸ್ ಬೆಟರ್ ದ್ಯಾನ್... ಏನೋ ಒಂದು. ಇಂಟರ್‌ಮೀಡಿಯೆಟ್‌ನಲ್ಲಿ ಬಾಯಿಪಾಠ ಇತ್ತು.

ಮನೆಯಂತೆ ಇದು! ಕಾರಿನ ಹಿಂದೆ ಕಟ್ಟಿ ಎಳೆಯುವ ತಗಡಿನ ಡಬ್ಬಿ. ಕಾಪು ಬೀಚಿನಲ್ಲಿ ಯಾರೋ ಜರ್ಮನ್ ದಂಪತಿ ಮಾರಿ ಹೋದದ್ದು. ಅಳಿಯ ಲಿಯೋನೆಲ್ ಉಚ್ಚಿಲದ ಹೈವೇ ಬದಿಗೆ ತಂದು ಕ್ಯಾಂಟೀನ್ ಮಾಡಿದ್ದಾನೆ. ಅಡುಗೆ, ನಿದ್ದೆ ಎಲ್ಲ ಅದರಲ್ಲೇ. ಮಗಳು ಝೀಟಾ ಏಳು ತಿಂಗಳ ಬಸುರಿ. ಅವಳ ತಾಯಿ, ನನ್ನ ಹೆಂಡತಿ ಬರ್ತಾ, ಸೀಮೆಎಣ್ಣೆ ಸ್ಟವ್ ಸಿಡಿದು ಸತ್ತು ನಾಲ್ಕು ವರ್ಷ ಆಗಿಲ್ಲ. ಎಲ್ಲ ಉಡುಪಿಯ ಅಂಗಡಿಯವನ ದರಿದ್ರ ವಾಶರ್‌ನಿಂದ! ಪೊಲೀಸರಿಗೂ ಹಾಗೇ ಹೇಳಿದ್ದೇನೆ. ಈಗ ಮಗಳೂ ಬೆಂಕಿಯ ಪಕ್ಕ. ಅದಕ್ಕೇ ದಿನಾ ಎರ್ಮಾಳ್‌ನಿಂದ ಸೈಕಲ್ ತುಳಿದು ಬರುವುದು.

ಅಕ್ಟೋಬರ್ 19
"ಪಪ್ಪಾ, ಎಂತದೋ ವಾಸನೆ ಬರ್ತದೆ."
ನನಗೆ ಗೊತ್ತಾಗುವುದಿಲ್ಲ. ನಶ್ಯ ಏರಿಸಿ ಏರಿಸಿ ಮೂಗು ಸತ್ತಿದೆ. ಲಿಯೋನೆಲ್ ನಗುತ್ತಾನೆ — "ಪಕ್ಕದಲ್ಲಿ ಒಣಮೀನು ಹರಡಿದ್ದಾರೆ ಮಾರಾಯ್ತಿ. ಉಚ್ಚಿಲದಲ್ಲಿ ಮಲ್ಲಿಗೆ ಪರಿಮಳ ಬರ್ತದಾ?"
ಈಡಿಯಟ್. ನಟ್ಟು ಇನ್ನೊಮ್ಮೆ ಬಿಗಿ.

ಅಕ್ಟೋಬರ್ 27
ಗುಳ್ಳೆ! ನಟ್ಟಿನ ಸುತ್ತ, ಏಡಿಯ ಬಾಯಿಯ ನೊರೆಯ ಹಾಗೆ. ಲಿಯೋನೆಲ್ ಮಾಡಿದ್ದೆಂತ? ಕಡ್ಡಿ ಗೀರಿ ಹತ್ತಿರ ತಂದ — "ನಿಜವಾಗಿ ಲೀಕ್ ಉಂಟಾ ನೋಡುವ." ಕೈಗೆ ಹೊಡೆದೆ. ಕಡ್ಡಿ ಹೊರಗೆ ಬಿತ್ತು.
"ಮಾಂವ್, ನೀವು ಮುಟ್ಟುವ ಮೊದಲು ಇದು ಸರಿ ಇತ್ತು. ನಿಮ್ಮ ಸ್ಪ್ಯಾನರ್ ತಗೊಂಡು ಮನೆಗೆ ಹೋಗಿ."
"ಗೆಟ್ ಔಟ್!" ಎಂದೆ. ಅವನದೇ ಕ್ಯಾಂಟೀನಿನಿಂದ ಅವನಿಗೇ. ಚೀಲ ಹಿಡಿದು ಕಾರ್ಕಳದ ತಾಯಿಮನೆಗೆ ಹೋದ. ಹೋಗಲಿ!
ನಟ್ಟಿಗೆ ನೂಲು ಸುತ್ತಿ ಸೋಪು ಮೆತ್ತಿದೆ. ಗುಳ್ಳೆ ನಿಂತಿತು. ಝೀಟಾಳಿಗೆ ಮನೆಗೆ ಬಾ ಎಂದೆ. "ಕ್ಯಾಂಟೀನ್ ಯಾರು ನೋಡುವುದು, ನೀವಾ?" ಎಂದಳು. ಬಾಯಿ ತಾಯಿಯದೇ.

ನವೆಂಬರ್ 2
ಮೃತರ ದಿನ. ಬರ್ತಾಳ ಸಮಾಧಿಗೆ ಮೇಣದ ಬತ್ತಿ ಹಚ್ಚಿ ಬಂದೆ. ಝೀಟಾ ಬರಲಿಲ್ಲ. ತಲೆನೋವು, ವಾಂತಿ. ಬಸುರಿಗೆ ಇದೆಲ್ಲ ಇದ್ದದ್ದೇ ಅಂತೆ. ನನಗೆ ನಂಬಿಕೆ ಇಲ್ಲ.
ಮೊದಲು ಸ್ಪ್ಯಾನರಿಗೆ ಮೈಭಾರ ಹಾಕಬೇಕಿತ್ತು. ಈಗ ನಟ್ಟು ಬೆರಳಿನಲ್ಲೇ ತಿರುಗುತ್ತದೆ. ಲಿಯೋನೆಲ್ ಸವೆದ ಮಾಲು ಕೂಡಿಸಿದ್ದಾನೆ, ಕಳ್ಳ. ನಾಳೆ ಅಣ್ಣುವನ್ನು ಕರೆತರುತ್ತೇನೆ. ಮಣಿಪಾಲದ ಲ್ಯಾಬಿನಲ್ಲಿ ಗ್ಯಾಸ್ ಲೈನ್ ನೋಡುವವನು. ಅಳಿಯನ ಕೆಲಸದ ಚಂದ ಅವನ ಬಾಯಿಂದಲೇ ಕೇಳಲಿ ಎಲ್ಲರೂ.

ನವೆಂಬರ್ 3. ಮಧ್ಯಾಹ್ನ 3
ಅಣ್ಣು ಬಾಗಿಲಲ್ಲೇ ಮೂಗರಳಿಸಿದ. ಒಳಗೆ ನುಗ್ಗಿದ. ಝೀಟಾ ಒಲೆಯ ಮುಂದೆ, ಕೈಯಲ್ಲಿ ಬೆಂಕಿಪೆಟ್ಟಿಗೆ, ಕಡ್ಡಿ ತೆಗೆದಾಗಿತ್ತು. ರಟ್ಟೆ ಹಿಡಿದು ಹೊರಗೆ ಎಳೆದ. ಸಿಲಿಂಡರ್ ಬಂದ್ ಮಾಡಿದ. ಕಿಟಕಿ ಎಲ್ಲ ತೆರೆದ. ಆಮೇಲೆ ನಟ್ಟು ನೋಡಿದ.
"ಇದನ್ನು ಯಾರು ತಿರುಗಿಸಿದ್ದು ಮಾರಾಯ್ರೆ?"
"ನಾನು. ದಿನಾ ಬಿಗಿ ಮಾಡ್ತೇನೆ."
"ಯಾವ ಕಡೆಗೆ?"
"ಬಲಕ್ಕೆ. ಮತ್ತೆ ಯಾವ ಕಡೆಗೆ?"
"ಗ್ಯಾಸಿನ ಈ ನಟ್ಟು ಎಡಕ್ಕೆ ತಿರುಗಿಸಿದರೆ ಬಿಗಿ. ಬಲಕ್ಕೆ ಸಡಿಲ. ನೀವು ದಿನಾ ಬಿಚ್ಚಿದ್ದು."
ಝೀಟಾ ಬೆಂಕಿಪೆಟ್ಟಿಗೆಯನ್ನು ನನ್ನ ಅಂಗೈಯಲ್ಲಿ ಇಟ್ಟಳು.

ಸಂಜೆ 5
ಕಾರ್ಕಳಕ್ಕೆ ಕಾರ್ಡು. ಮೈ ಡಿಯರ್ ಲಿಯೋನೆಲ್, ಐ ಬೆಗ್ ಟು ಸ್ಟೇಟ್... ಎಂತ ಸ್ಟೇಟ್? ಮೂರು ಕಾರ್ಡು ಹರಿದೆ. ಹಾಳು ಇಂಗ್ಲಿಷು. ಹಾಳು ಜರ್ಮನ್ನರು. ಕೊನೆಗೆ ಕನ್ನಡದಲ್ಲಿ — ತಪ್ಪು ನನ್ನದು, ಬಾ.

ಈ ಹಾಳು ಕೈ. ಸುಮ್ಮನಿದ್ದದ್ದನ್ನು ಸುಮ್ಮನೆ ಬಿಡುವುದಿಲ್ಲ. ಸ್ಟವ್ ಸಿಡಿದ ಆ ಬೆಳಿಗ್ಗೆ ಬರ್ತಾ ಅಂದಿದ್ದಳು — "ಸ್ಟವ್ ಚೆನ್ನಾಗಿಯೇ ಉಂಟು, ಮುಟ್ಟಬೇಡಿ." ಅಂದು ನನ್ನ ಕೈಯಲ್ಲಿದ್ದ ಸ್ಪ್ಯಾನರ್ ಇದೇ. ಪೊಲೀಸರು ಅದನ್ನು ಕೇಳಲಿಲ್ಲ, ನಾನು ಹೇಳಲಿಲ್ಲ. ವಾಶರ್ ಸರಿಯೇ ಇತ್ತೋ ಏನೋ. ಸ್ವಲ್ಪ ಬಿಗಿ ಮಾಡುವ ಎಂದು ನಾನೇ —