ಟ್ಯಾಂಕರ್ ಚಾಲಕನ ಹೊಸ್ತಿಲು

ಪಟ್ಟಣ ಸಭೆಯ ಅಧ್ಯಕ್ಷರಿಗೆ,

ಕಳೆದ ಬಿರುಗಾಳಿಯ ತಿಂಗಳಲ್ಲಿ ನಮ್ಮ ಬೀದಿಯ ನೀರಿನ ಟ್ಯಾಂಕರ್ ಚಾಲಕ ಹೆಂಡತಿ, ಮಗಳೊಂದಿಗೆ ಕಾಣೆಯಾದ. ಹುಡುಕುವ ಬದಲು ನಿಮ್ಮವರು ಅವನ ಬಾಗಿಲಿಗೆ ಇಟ್ಟಿಗೆ ಕಟ್ಟಿ ಸುಣ್ಣ ಬಳಿದರು. ಅದಕ್ಕೂ ಮೊದಲು ದರ್ಜಿಯ ಮನೆಗೂ, ನೀವು ಹುಟ್ಟುವಾಗ ನಿಮ್ಮನ್ನು ಕೈಯಲ್ಲಿ ಹಿಡಿದ ಸೂಲಗಿತ್ತಿಯ ಮನೆಗೂ ಹೀಗೇ ಆಗಿತ್ತು.

ಓದಲು ಹೋಗಿದ್ದ ನನ್ನ ಹದಿನಾರರ ಮೊಮ್ಮಗಳು ಮೊನ್ನೆ ಮರಳಿದಳು. ಚಾಲಕನ ಮಗಳು ಅವಳ ಜೀವದ ಗೆಳತಿ. ಟ್ಯಾಂಕರಿನ ಹಾರನ್ ಕೇಳಿದರೆ ಇಬ್ಬರೂ ಕೊಡ ಹಿಡಿದು ಓಡುತ್ತಿದ್ದರು. ತುಂಬಿದ್ದಕ್ಕಿಂತ ಚೆಲ್ಲಿದ್ದೇ ಹೆಚ್ಚು.

ಈ ಮರಳುಗಾಡಿನಲ್ಲಿ ಬೆಳಿಗ್ಗೆ ಮೊದಲು ಪಕ್ಕದವರ ಹೊಸ್ತಿಲು ಗುಡಿಸುತ್ತೇವೆ. ಇಲ್ಲದಿದ್ದರೆ ಮರಳಿನ ಭಾರಕ್ಕೆ ಒಳಗಿನವರು ಬಾಗಿಲು ತಳ್ಳಲಾರರು. ಇಂದು ಮೊಮ್ಮಗಳು ಚಾಲಕನ ಮನೆಯ ಮುಂದೆ ಗುಡಿಸುತ್ತಿದ್ದಳು.

"ಇಲ್ಲಿ ಯಾವ ಮನೇನೂ ಇರ್ಲಿಲ್ಲ ಕಣಮ್ಮ, ಸುಮ್ನೆ ಹೋಗು," ಎಂದನು, ನೀವು ಅಲ್ಲಿ ನಿಲ್ಲಿಸಿದ ಕಾವಲುಗಾರ.

"ಮನೇನೇ ಇರ್ಲಿಲ್ಲ ಅಂದ್ರೆ ನೀವು ಕಾಯ್ತಿರೋದು ಏನನ್ನ, ಅಣ್ಣಾ?"

ಅವನು ಪೊರಕೆ ಕಿತ್ತುಕೊಂಡ. ಅವಳು ಕೈಯಿಂದಲೇ ಮರಳು ಬಾಚತೊಡಗಿದಳು.

ದಯವಿಟ್ಟು ಪೊರಕೆ ಹಿಂದಿರುಗಿಸಿ. ನಾಳೆ ಮಾರುಕಟ್ಟೆಯ ಚೌಕದಲ್ಲಿ, ಎಲ್ಲರ ಎದುರು, ಆ ಮೂರು ಮನೆಯವರು ಎಲ್ಲಿದ್ದಾರೆಂದು ನೀವೇ ಬಾಯಿಬಿಟ್ಟು ಹೇಳಿ.

ಇಂತಿ,
ಅದೇ ಬೀದಿಯ ಹಳೆಯ ಮೇಷ್ಟ್ರು