ಸುಡದ ಬಟ್ಟೆ

ಪುತ್ತಿಗೆ,
9 ನವೆಂಬರ್ 2025

ಪ್ರೀತಿಯ ಜಲಜಾಕ್ಷಿ ಚಿಕ್ಕಮ್ಮನಿಗೆ,

ನಿಶ್ಮಿತಾ ಮಾಡುವ ನಮಸ್ಕಾರಗಳು. ನೀವು ಸೋಣ ತಿಂಗಳಲ್ಲಿ, ಚೌತಿಯ ಹೊತ್ತಿಗೆ ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೇಸರ ಮಾಡಬೇಡಿ. ಆ ಜ್ವರದ ನಂತರ ನಿಮಗೆ ಫೋನಿನಲ್ಲಿ ಏನೂ ಕೇಳಿಸುವುದಿಲ್ಲ. ಮೊಬೈಲಿನಲ್ಲಿ ಎರಡು ಸಾಲು ಕಳಿಸಿ ಮುಗಿಸುವ ವಿಷಯವೂ ಇದಲ್ಲ. ಎರಡು ಸಲ ಬರೆಯಲು ಕೂತು, ಒಂದು ತೀರ್ಮಾನ ಬರಲಿ ಎಂದು ಎದ್ದುಬಿಟ್ಟೆ. ಈಗ ಬಂದಿದೆ. ನೀವು ಕಾಗದದ ಕೊನೆಯಿಂದ ಓದುವವರಾದ್ದರಿಂದ ಮೊದಲಿಗೇ ಹೇಳಿಬಿಡುತ್ತೇನೆ. ಅಪ್ಪನ ಅರ್ಜಿ ಮಂಜೂರಾಯಿತು.

ಹೋದ ಸೋಮವಾರ ಪೋಸ್ಟಿನವರು ಉದ್ದದ ಲಕೋಟೆ ತಂದುಕೊಟ್ಟರು. ಒಳಗೆ ಇದ್ದದ್ದೆಲ್ಲ ಇಂಗ್ಲಿಷ್ ಮತ್ತು ಹಿಂದಿ. ನನಗೆ ಐದನೇ ಕ್ಲಾಸಿನ ಕನ್ನಡ ಬಿಟ್ಟರೆ ಬೇರೆ ಓದಲು ಬರುವುದಿಲ್ಲ. ಅಪ್ಪ ಕನ್ನಡಕ ಹಾಕಿಕೊಂಡರೂ ಅಷ್ಟು ಸಣ್ಣ ಅಕ್ಷರ ಕಾಣಲಿಲ್ಲ. ಕುಂಜತ್ತೂರಿನ ಮಹಾಬಲಣ್ಣನಿಗೆ ಫೋನ್ ಮಾಡಿದೆ. ಅವರು ಮಿಲಿಟರಿಯಿಂದ ನಿವೃತ್ತರಾದವರು, ಈ ಕಡೆಯ ಮಾಜಿ ಸೈನಿಕರ ಕಾಗದಪತ್ರ ಎಲ್ಲ ಅವರೇ ಬರೆದುಕೊಡುವುದು. ಊಟ ಅರ್ಧಕ್ಕೆ ಬಿಟ್ಟು ಸ್ಕೂಟರಿನಲ್ಲಿ ಬಂದರು.

"ಲೋಕಯ್ಯಣ್ಣ, ಸರಿಯಾಗಿ ಕೇಳಿ. ಇದರಲ್ಲಿ ಸ್ಪಷ್ಟ ಉಂಟು. ನೌಕಾಪಡೆಯ ಸೇವೆಯ ಕಾರಣದಿಂದ ಬಂದ ಕಾಯಿಲೆ ಅಂತ."

"ಇನ್ನೊಮ್ಮೆ ಓದು," ಎಂದರು ಅಪ್ಪ.

ಓದಿದರು. ಮತ್ತೆ ಓದಿಸಿದರು. ಮೂರನೆಯ ಸಲ ಓದಿ ಮುಗಿಸಿದ ಮಹಾಬಲಣ್ಣ, "ನಾಲ್ಕನೇ ಸಲಕ್ಕೆ ಒಂದು ಚಾ ಆಗಬೇಕು ಮಾರಾಯ್ರೆ," ಎಂದರು. ನಾನು ಚಾ ಮಾಡಲು ಒಳಗೆ ಹೋದವಳು ಸ್ಟವ್ ಹಚ್ಚುವುದನ್ನೇ ಮರೆತು ಪಾತ್ರೆಯ ಮುಂದೆ ನಿಂತಿದ್ದೆನಂತೆ.

ನಿಮಗೆ ಅರ್ಧ ವಿಷಯ ಮಾತ್ರ ಗೊತ್ತು, ಹಾಗಾಗಿ ಹಿಂದಿನಿಂದ ಬರೆಯುತ್ತೇನೆ. ಅಪ್ಪನ ಏದುಸಿರು ಶುರುವಾಗಿ ಆರು ವರ್ಷವಾಯಿತು. ನಮ್ಮ ಮನೆಯಿಂದ ರಸ್ತೆಗೆ ಹೋಗಲು ಎರಡು ಕಡೆ ನಿಲ್ಲಬೇಕು, ಒಮ್ಮೆ ಬಾವಿಯ ಹತ್ತಿರ, ಒಮ್ಮೆ ತೊರೆ ದಾಟುವ ಸಂಕದ ಹತ್ತಿರ. ಮಂಗಳೂರಿನ ಡಾಕ್ಟರು ಎದೆಯ ಸ್ಕ್ಯಾನ್ ನೋಡಿದ ಕೂಡಲೇ ಕೇಳಿದ ಮೊದಲ ಪ್ರಶ್ನೆ, "ನೀವು ಆಸ್ಬೆಸ್ಟಾಸ್ ಕೆಲಸ ಮಾಡಿದವರಾ?" ಎಂದು. ಅಪ್ಪ, "ಇಲ್ಲ, ನಾನು ಹಡಗಿನಲ್ಲಿ ಅಡುಗೆಯವ," ಎಂದರು. ಆಮೇಲೆ ಡಾಕ್ಟರು ಬಿಡಿಸಿ ಬಿಡಿಸಿ ಕೇಳಿದಾಗ ಹೊರಬಂತು. ಹಡಗಿನ ಅಡುಗೆಮನೆಯ ತುಂಬ ಹಬೆಯ ಪೈಪುಗಳು. ಅವಕ್ಕೆಲ್ಲ ಬಿಸಿ ತಡೆಯುವ ಆಸ್ಬೆಸ್ಟಾಸ್ ನೂಲಿನ ಬಿಳಿ ಬಟ್ಟೆ ಸುತ್ತಿರುತ್ತಿದ್ದರು. ಅದು ಹರಿದಾಗ ಅಡುಗೆಯವರೇ ಹೊಸದನ್ನು ಕತ್ತರಿಸಿ ಸುತ್ತುತ್ತಿದ್ದರು. ಮಲಗುತ್ತಿದ್ದುದೂ ಆ ಪೈಪುಗಳ ಅಡಿಯಲ್ಲೇ. ಬೆಳಿಗ್ಗೆ ಎದ್ದಾಗ ಹೊದಿಕೆಯ ಮೇಲೆ ಹಿಟ್ಟು ಚೆಲ್ಲಿದ ಹಾಗೆ ಇರುತ್ತಿತ್ತಂತೆ. ಹದಿನೇಳು ವರ್ಷ.

ಮಹಾಬಲಣ್ಣ ಅರ್ಜಿ ಹಾಕಿಸಿದರು. ಎರಡು ಸಲ ತಿರಸ್ಕಾರವಾಗಿ ಬಂತು. ಅಡುಗೆಯವನಿಗೆ ಇಂಥ ಧೂಳಿನ ಸಂಪರ್ಕ ಇರುವುದಿಲ್ಲ, ಕಾಯಿಲೆಗೂ ಸೇವೆಗೂ ಸಂಬಂಧವಿಲ್ಲ ಎಂದು ಬರೆದಿದ್ದರು. ಅಪ್ಪನ ಜೊತೆ ಅಡುಗೆಮನೆಯಲ್ಲಿದ್ದ ಇಬ್ಬರೂ ಈಗ ಇಲ್ಲ. ಅದರಲ್ಲಿ ಒಬ್ಬರು ಹೋದದ್ದು ಇದೇ ಉಸಿರಿನ ತೊಂದರೆಯಿಂದ. "ಅಡುಗೆಮನೆಯಲ್ಲಿ ಆ ಬಟ್ಟೆ ಇತ್ತು ಅಂತ ತೋರಿಸಲಿಕ್ಕೆ ಒಂದು ಗುರುತಾದರೂ ಬೇಕು ಲೋಕಯ್ಯಣ್ಣ, ಒಂದು ಚೂರಾದರೂ," ಎಂದು ಮಹಾಬಲಣ್ಣ ಹೇಳಿದ ದಿನ ಅಪ್ಪ ಎದ್ದು ಒಳಗೆ ಹೋದರು. ನಮ್ಮಿಬ್ಬರಿಗೂ ಒಂದೇ ವಸ್ತು ನೆನಪಾಗಿತ್ತು.

ನಿಮಗೂ ನೆನಪಿರುತ್ತದೆ. ನೀವೇ ಹೆಸರಿಟ್ಟದ್ದು ಅದಕ್ಕೆ, ಸೀತೆಯ ಸೀರೆ ಎಂದು. ನಾನು ಹುಟ್ಟುವ ಮೊದಲೇ ಅಪ್ಪ ರಜೆಯಲ್ಲಿ ತಂದ ಬಿಳಿ ಬಟ್ಟೆ. ಅಮ್ಮ ಅದನ್ನು ಬಚ್ಚಲಿನ ಹಂಡೆಯ ಸುತ್ತ ಕಟ್ಟಿದ್ದರು, ಒಲೆಯ ಪಾತ್ರೆ ಇಳಿಸುವುದಕ್ಕೂ ಚೂರು ಮಾಡಿ ಇಟ್ಟುಕೊಂಡಿದ್ದರು. ಮಸಿಯಾದರೆ ನೀರಿನಲ್ಲಿ ತೊಳೆಯುವುದಿಲ್ಲ, ಉರಿಯುವ ಒಲೆಗೇ ಹಾಕುವುದು. ಇಕ್ಕಳದಿಂದ ಹೊರಗೆ ತೆಗೆದರೆ ಬೆಳ್ಳಗೆ ಬರುತ್ತಿತ್ತು. ಮನೆಗೆ ಬಂದ ನೆಂಟರಿಗೆಲ್ಲ ಅಮ್ಮ ಅದನ್ನು ಮಾಡಿ ತೋರಿಸುತ್ತಿದ್ದರು. ನೆರೆಮನೆಯ ಶಂಕರಿಯಕ್ಕ ಒಮ್ಮೆ ಅಮ್ಮನ ಹತ್ತಿರ, "ಎನ್ನ ಗಂಡನನ್ನೂ ಹೀಗೆ ಒಮ್ಮೆ ಹಾಕಿ ತೆಗೆದುಕೊಡು ಸುಂದರಿ," ಎಂದು ಹೇಳಿ ಎಲ್ಲರನ್ನೂ ನಗಿಸಿದ್ದರು. ಆರಿದ ಮೇಲೆ ಅಂಗಳದಲ್ಲಿ ಅಮ್ಮ ಒಂದು ತುದಿ, ನಾನು ಒಂದು ತುದಿ ಹಿಡಿದು ಕೊಡವುತ್ತಿದ್ದೆವು.

ಅಮ್ಮನ ಪೆಟ್ಟಿಗೆಯಲ್ಲಿ ಅದರ ಒಂದು ಮೊಳದಷ್ಟು ಹೊಸ ತುಂಡು ಉಳಿದಿತ್ತು. ಮೂಲೆಯಲ್ಲಿ ನೇರಳೆ ಶಾಯಿಯ ಸೀಲು, ಹಡಗಿನ ಹೆಸರು, ವರ್ಷ. ನಾನು ಹೋಗಿ ಅಪ್ಪನ ಎದುರು ನಿಂತು, "ಅದನ್ನು ತೋರಿಸುವ," ಎಂದೆ.

"ಅದನ್ನು ಮುಟ್ಟಬೇಡ."

"ಎಂತಕ್ಕೆ?"

"ಅದು ಸರಕಾರದ ಮಾಲು ಮಗಾ. ಕೇಳಿ ತಂದದ್ದಲ್ಲ. ಕದ್ದದ್ದು ಅಂತ ಬರೆದರೆ ಈಗ ಸಿಗುವ ಪೆನ್ಶನೂ ನಿಲ್ಲಿಸಿಯಾರು. ಹದಿನೇಳು ವರ್ಷ ಒಂದು ಕಪ್ಪು ಚುಕ್ಕೆ ಇಲ್ಲದೆ ಬಂದವ ನಾನು."

ಅಪ್ಪ ಅಷ್ಟು ಉದ್ದ ಮಾತನಾಡಿದ್ದಕ್ಕೆ ಹತ್ತು ನಿಮಿಷ ಕೆಮ್ಮಿದರು. ನಾನು ಮತ್ತೆ ಒತ್ತಾಯ ಮಾಡಲಿಲ್ಲ. ನನ್ನ ಸ್ವಭಾವ ನಿಮಗೆ ಗೊತ್ತಲ್ಲ. ನನ್ನಿಂದ ನೈಟಿ ಹೊಲಿಸಿಕೊಳ್ಳುವ ಕುಂಬಳೆಯ ಅಂಗಡಿಯವರ ಹತ್ತಿರ ದಾರ ಸಾಲದು ಎಂದು ಹೇಳುವುದಕ್ಕೂ ನಾನು ಚೀಟಿ ಬರೆದುಕೊಡುವವಳು.

ಸೆಪ್ಟೆಂಬರಿನಲ್ಲಿ ಕೊಚ್ಚಿಯ ಮೆಡಿಕಲ್ ಬೋರ್ಡಿಗೆ ಬರಲು ಕಾಗದ ಬಂತು. ಇದು ಕೊನೆಯ ಅವಕಾಶ, ಇದೂ ಹೋದರೆ ಕೋರ್ಟೇ ಗತಿ ಎಂದರು ಮಹಾಬಲಣ್ಣ. ಹೊರಡುವ ದಿನ ಅಪ್ಪ ಸ್ನಾನಕ್ಕೆ ಹೋದಾಗ ನಾನು ಪೆಟ್ಟಿಗೆ ತೆರೆದೆ. ಅಂಥ ಬಟ್ಟೆಯನ್ನು ಒಣಗಿದ್ದಾಗ ಮುಟ್ಟಬಾರದು ಎಂದು ಮಂಗಳೂರಿನ ಡಾಕ್ಟರು ಹೇಳಿದ್ದರು. ಮೂಗಿಗೆ ಮಾಸ್ಕ್ ಹಾಕಿ, ನೀರು ಚಿಮುಕಿಸಿ, ಎರಡು ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಬಾಯಿ ಅಂಟಿಸಿ, ಬುತ್ತಿಯ ಚೀಲದ ಅಡಿಯಲ್ಲಿಟ್ಟೆ. ರೈಲಿನಲ್ಲಿ ಅಪ್ಪ ಎರಡು ಸಲ ಬುತ್ತಿ ಕೇಳಿದಾಗಲೂ ಚೀಲವನ್ನು ಮಡಿಲಿನಲ್ಲೇ ಇಟ್ಟುಕೊಂಡು ಕೈಹಾಕಿ ತೆಗೆದುಕೊಟ್ಟೆ. "ಎಂತ, ಚಿನ್ನ ಉಂಟಾ ಅದರಲ್ಲಿ?" ಎಂದು ಕೇಳಿದರು.

ಬೋರ್ಡಿನಲ್ಲಿ ಮೂವರು ಇದ್ದರು. ಇಬ್ಬರು ಹಿಂದಿಯಲ್ಲಿ ಕೇಳುತ್ತಿದ್ದರು. ಇನ್ನೊಬ್ಬರು ನಡುವಯಸ್ಸಿನ ಡಾಕ್ಟರಮ್ಮ, ಮಲಯಾಳಿ. ಅಪ್ಪ ಎಲ್ಲದಕ್ಕೂ ಇಲ್ಲ, ಗೊತ್ತಿಲ್ಲ, ನೆನಪಿಲ್ಲ ಎನ್ನುತ್ತಿದ್ದರು. ಅಡುಗೆಮನೆಯಲ್ಲಿ ಆ ಬಟ್ಟೆ ಇತ್ತು ಎನ್ನುವುದಕ್ಕೆ ಏನು ಆಧಾರ ಎಂದು ಕೇಳಿದಾಗ ತಲೆ ತಗ್ಗಿಸಿದರು. ನಡುವಿನವರು ಫೈಲು ಮುಚ್ಚಿದರು. ನಾನು ಎದ್ದು ಹೋಗಿ ಆ ಪ್ಲಾಸ್ಟಿಕ್ ಚೀಲವನ್ನು ಮೇಜಿನ ಮೇಲೆ, ಸೀಲು ಮೇಲೆ ಕಾಣುವ ಹಾಗೆ ಇಟ್ಟು ಬಂದು ಕೂತೆ.

ಮೂವರೂ ಕುರ್ಚಿ ಹಿಂದಕ್ಕೆ ಸರಿಸಿದರು. ಬಟ್ಟೆ ಏನೆಂದು ಅವರಿಗೆ ನೋಡಿದ ಕೂಡಲೇ ಗೊತ್ತಾಗಿತ್ತು. ಇದು ಎಲ್ಲಿಂದ ಬಂತು ಎಂದು ಡಾಕ್ಟರಮ್ಮ ಮಲಯಾಳದಲ್ಲಿ ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಎದ್ದು ನಿಂತರು. ಕುರ್ಚಿ ಹಿಡಿಯದೆ, ಕೈ ನೇರ ಮಾಡಿ, ಫೋಟೋದಲ್ಲಿ ಯೂನಿಫಾರ್ಮ್ ಹಾಕಿ ನಿಂತ ಹಾಗೆ.

"ನಾನು ತಂದದ್ದು, ಮೇಡಂ. ರಜೆಯಲ್ಲಿ ಬರುವಾಗ ಅಡುಗೆಮನೆಯ ಸುರುಳಿಯಿಂದ ಕತ್ತರಿಸಿ ತಂದದ್ದು. ಯಾರನ್ನೂ ಕೇಳಲಿಲ್ಲ. ಮಗಳದ್ದು ತಪ್ಪಿಲ್ಲ."

ಡಾಕ್ಟರಮ್ಮ, ಮೊದಲು ಕೂತುಕೊಳ್ಳಿ ಎಂದರು. ಇದಕ್ಕೆ ಶಿಕ್ಷೆ ಕೊಡುವ ಕೆಲಸ ನಮ್ಮದಲ್ಲ, ಕೊಡಬೇಕಾದ್ದಕ್ಕಿಂತ ಹೆಚ್ಚು ನಿಮ್ಮ ಎದೆಯೇ ಕೊಟ್ಟಾಗಿದೆ ಎಂದರು. ಮುಚ್ಚಿದ ಫೈಲು ಮತ್ತೆ ತೆರೆಯಿತು. ಬಟ್ಟೆಯನ್ನು ಅಲ್ಲಿಯೇ ಇಟ್ಟುಕೊಂಡು ರಶೀದಿ ಕೊಟ್ಟರು.

ಬರುವಾಗ ರೈಲಿನಲ್ಲಿ ತುಂಬ ಹೊತ್ತು ಕಿಟಕಿಯ ಹೊರಗೆ ನೋಡುತ್ತಿದ್ದ ಅಪ್ಪ, "ನೀನು ದೊಡ್ಡ ಕಳ್ಳಿ ಮಾರಾಯ್ತಿ," ಎಂದರು. "ಯಾರ ಮಗಳು," ಎಂದೆ. ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ನಿಂತ ಮೇಲೆ ಮತ್ತೆ ನಕ್ಕರು.

ಮಹಾಬಲಣ್ಣ ಓಡಾಡಿ ಮೊನ್ನೆಯೇ ಮನೆಗೆ ಆಮ್ಲಜನಕದ ಯಂತ್ರ ತರಿಸಿಕೊಟ್ಟರು. ಔಷಧಿಯೂ ಸೈನಿಕರ ದವಾಖಾನೆಯಿಂದ ಸಿಗುತ್ತದೆ. ಕಾಯಿಲೆ ಗುಣವಾಗುವುದಿಲ್ಲ, ಅದು ಅಪ್ಪನಿಗೂ ಗೊತ್ತು. ಆದರೆ ಮಲಗಿದರೆ ನಿದ್ರೆ ಬರುತ್ತದೆ. ತಲೆದಿಂಬಿನ ಅಡಿಯಲ್ಲಿ ಆ ಲಕೋಟೆ ಇದೆ. ಯಾರಾದರೂ ಬಂದರೆ, "ಸೇವೆಯ ಕಾರಣದಿಂದ," ಎಂದು ಒಂದು ಸಲ ಹೇಳಿಯೇ ಬೇರೆ ಮಾತು. ಕದ್ದ ವಿಷಯವನ್ನೂ ಈಗ ತಾವಾಗಿಯೇ ಹೇಳುತ್ತಾರೆ, ಸ್ವಲ್ಪ ಉಪ್ಪುಖಾರ ಹಾಕಿ. ನನಗೂ ಬಹಳ ದಿನದ ಮೇಲೆ ಹಸಿವೆಯಾಗುತ್ತಿದೆ.

ಸುಜನ್ ಹತ್ತನೇ ಕ್ಲಾಸಿನಲ್ಲಿ ಚೆನ್ನಾಗಿ ಓದಲಿ. ಚಿಕ್ಕಪ್ಪನ ಮಂಡಿನೋವು ಕಡಿಮೆಯಾಗಲಿ. ನಿಮ್ಮ ಆಶೀರ್ವಾದ ನಮ್ಮಿಬ್ಬರ ಮೇಲೆ ಇರಲಿ.

ನಿಮ್ಮ ಮಗಳು,
ನಿಶ್ಮಿತಾ

ವಿ.ಸೂ.: ನಿಮ್ಮ ಮದುವೆಯಲ್ಲಿ ಅಮ್ಮ ನಿಮಗೂ ಆ ಬಟ್ಟೆಯ ಒಂದು ತುಂಡು ಕೊಟ್ಟಿದ್ದರು. ಮುಂಬಯಿಯ ಮನೆಯಲ್ಲಿ ಅದು ಇನ್ನೂ ಇದ್ದರೆ ಕೊಡವಬೇಡಿ. ಮೂಗು ಮುಚ್ಚಿಕೊಂಡು, ನೀರಿನಲ್ಲಿ ನೆನೆಸಿ, ಎರಡು ಚೀಲದಲ್ಲಿ ಕಟ್ಟಿ, ನಗರಸಭೆಯವರನ್ನು ಕೇಳಿಯೇ ಕೊಡಿ. ನೀವೂ ಸುಜನನೂ ಒಮ್ಮೆ ಎದೆಯ ಎಕ್ಸ್‌ರೇ ತೆಗೆಸಿ.

ಇನ್ನೊಂದು ಮಾತು ಬರೆಯದೆ ಕಾಗದ ಮುಚ್ಚಲು ಆಗುತ್ತಿಲ್ಲ. ಪೆಟ್ಟಿಗೆಯಲ್ಲಿ ಬಟ್ಟೆಯ ಅಡಿಯಲ್ಲಿ ಅಮ್ಮನ ಹಳೆಯ ಎಕ್ಸ್‌ರೇ ಇತ್ತು. ಅದನ್ನೂ ಕೊಚ್ಚಿಗೆ ಕೊಂಡುಹೋಗಿದ್ದೆ. ಅಪ್ಪನನ್ನು ಉಸಿರಿನ ಪರೀಕ್ಷೆಗೆ ಕರೆದುಕೊಂಡು ಹೋದಾಗ ಡಾಕ್ಟರಮ್ಮನಿಗೆ ಕೊಟ್ಟೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಎದೆಯಿಂದ ನೀರು ಎಷ್ಟು ಸಲ ತೆಗೆದಿದ್ದರು ಎಂದು ಕೇಳಿದರು. ಐದು ಸಲ ಎಂದೆ. ಅಮ್ಮ ಆ ಬಟ್ಟೆ ಮುಟ್ಟುತ್ತಿದ್ದರಾ ಎಂದು ಕೇಳಿದರು. ನಾವು ಹೇಗೆ ಕೊಡವುತ್ತಿದ್ದೆವೆಂದು ಕೈಯಲ್ಲೇ ತೋರಿಸಿದೆ. ಒಂದು ಫಿಲ್ಮಿನಿಂದ ಖಂಡಿತ ಹೇಳಲಾಗದು, ಆದರೆ ಇದು ಕ್ಷಯವಲ್ಲ, ಇದೇ ಧೂಳಿನದ್ದು ಎಂದು ನನಗೆ ಕಾಣುತ್ತದೆ ಎಂದರು. ಒಬ್ಬರಿಂದ ಒಬ್ಬರಿಗೆ ಹರಡುವ ಕಾಯಿಲೆ ಇದಲ್ಲ ಎಂದರು. ನನ್ನ ಎಕ್ಸ್‌ರೇಯನ್ನೂ ತೆಗೆಸಿದರು. ಅದು ಸ್ವಚ್ಛ ಇದೆ, ವರ್ಷಕ್ಕೊಮ್ಮೆ ತೋರಿಸಬೇಕು.

ಅಮ್ಮನಿಗೆ ಕ್ಷಯ ಎಂದು ಡಾಕ್ಟರು ಹೇಳಿದಾಗ ಸುಜನ್ ಮೂರು ತಿಂಗಳ ಮಗು. ಬರಬೇಡ ಎಂದು ನಿಮಗೆ ಅಮ್ಮನೇ ಹೇಳಿಕಳಿಸಿದ್ದರು. ನೀವು ಬರಲಿಲ್ಲವೆಂದು ನನಗೆ ಸಿಟ್ಟಿದೆಯಾ ಎಂದು ಪ್ರತಿ ಕಾಗದದಲ್ಲೂ ಕೇಳುತ್ತೀರಿ. ಇಲ್ಲ ಚಿಕ್ಕಮ್ಮ. ನಾನೂ ಅಮ್ಮನ ಹತ್ತಿರ ಮಲಗಿದವಳಲ್ಲ. ನೋಡಿಕೊಳ್ಳಲೆಂದು ಶಾಲೆ ಬಿಟ್ಟೆ, ಆದರೂ ತೀರಿಕೊಳ್ಳುವ ತನಕ, ಎರಡೂವರೆ ವರ್ಷ, ಅವರು ನನ್ನನ್ನು ಬಾಗಿಲಿನಿಂದ ಒಳಗೆ ಬಿಡಲಿಲ್ಲ. ಹೊಸ್ತಿಲಿನ ಹೊರಗೆ ಗಂಜಿ ಇಟ್ಟು ಹಿಂದೆ ಸರಿದ ಮೇಲೆಯೇ ಬಂದು ತೆಗೆದುಕೊಳ್ಳುತ್ತಿದ್ದರು. ತಮ್ಮ ಬಟ್ಟಲು ಬೇರೆಯವರದ್ದರ ಜೊತೆ ಸೇರಬಾರದೆಂದು ಅಂಚಿನಲ್ಲಿ ಮೊಳೆಯಿಂದ ಗೀರಿ ಗುರುತು ಮಾಡಿಟ್ಟಿದ್ದರು.

ಅಪ್ಪನಿಗೆ ಈ ಎಕ್ಸ್‌ರೇ ವಿಷಯ ನಾನು ಹೇಳಿಲ್ಲ. ಕೊಚ್ಚಿಯಿಂದ ಬಂದ ಮೇಲೆ ಆ ಬಟ್ಟಲನ್ನು ಅಟ್ಟದಿಂದ ಇಳಿಸಿ, ತೊಳೆದು, ಅದರಲ್ಲೇ ಉಣ್ಣುತ್ತಿದ್ದೆ. ಅಪ್ಪ ನೋಡುತ್ತಿದ್ದರು. ನಿನ್ನೆ ಮಧ್ಯಾಹ್ನ ನಾನು ಬಡಿಸಲು ಹೋಗುವಾಗ ಅವರು ಆ ಬಟ್ಟಲನ್ನು ತಮ್ಮ ಮುಂದೆ ಇಟ್ಟುಕೊಂಡು ಕೂತಿದ್ದರು. ಗೀರಿದ ಗುರುತಿನ ಮೇಲೆ ಹೆಬ್ಬೆರಳು ಇತ್ತು. "ಇವತ್ತು ನನಗೆ ಇದರಲ್ಲಿ ಹಾಕು," ಎಂದರು.