ರೆಕ್ಕೆಯ ಮೂಲೆಯಲ್ಲಿ ಎರಡು ಹಿಡಿ ಜೋಳ

ಉಮದಿ
ಬುಧವಾರ, ೮ ಜನವರಿ ೨೦೨೫

ವಿದ್ಯಾವತಿಗೆ,

ನಾವೆಲ್ಲ ಆರಾಮ ಇದ್ದೇವೆ ಎಂದು ಮೊದಲು ಬರೆಯಬೇಕು. ಆದರೆ ಹಾಗೆ ಬರೆಯಲು ಕೈ ಏಳುತ್ತಿಲ್ಲ, ತಲೆ ಅಷ್ಟು ಕೆಟ್ಟಿದೆ. ಬೆಳುಂಕಿಯ ನಿನ್ನ ಅಣ್ಣನ ಮನೆಗೆ ಹೋದಾಗಿನಿಂದ ನೀನು ನನ್ನ ಫೋನು ಎತ್ತುವುದಿಲ್ಲ. ಅದಕ್ಕೇ ಈ ಕಾಗದ. ಸಿಟ್ಟು ಬಂದರೂ ಕೊನೆಯವರೆಗೆ ಓದು.

ಹೋದ ವರ್ಷ ನಾನು ಕೈಯಾರೆ ಕಟ್ಟಿದ ವಿಮಾನ ನೆಲ ಬಿಡುವ ಮೊದಲೇ ಹೊಲದ ಒಡ್ಡಿಗೆ ಗುದ್ದಿ ಮಗುಚಿದ್ದು, ನನ್ನ ಭುಜದ ಎಲುಬು ಮುರಿದದ್ದು, "ಇನ್ನೊಮ್ಮೆ ನೀವು ಅದರಾಗ ಕುಂತ್ರ ನಾ ಈ ಮನಿಯಾಗ ಕುಂದ್ರಂಗಿಲ್ಲ" ಎಂದು ನೀನು ಚೀಲ ಎತ್ತಿದ್ದು, ಯಾವುದನ್ನೂ ಮರೆತಿಲ್ಲ. ಆದರೂ ಅದನ್ನು ಮತ್ತೆ ಕಟ್ಟಿದೆ. ವಾಯುದಳದಲ್ಲಿ ಇಡೀ ನೌಕರಿ ಬೇರೆಯವರು ಹಾರಿಸುವ ವಿಮಾನಗಳಿಗೆ ಬೋಲ್ಟ್ ಬಿಗಿದವನು ನಾನು. ನನ್ನದೊಂದು ಮೇಲೇಳುವುದನ್ನು ನೋಡದೆ ಹೇಗೆ ಬಿಡಲಿ? ಪರವಾನಗಿ ಬಂದಿದೆ. ಈ ಭಾನುವಾರವೇ ಮೊದಲ ಹಾರಾಟ ಎಂದು ಗೊತ್ತುಮಾಡಿದ್ದೆ.

ಈಗ ನನ್ನ ಗೋಳು ಕೇಳು. ಎಂಜಿನ್ ಚೆನ್ನಾಗಿ ಓಡುತ್ತದೆ, ಗಾಲಿಗಳು ಸರಿಯಾಗಿ ತಿರುಗುತ್ತವೆ. ಆದರೆ ತೂಗಿ ನೋಡಿದಾಗಲೆಲ್ಲ ಎಡಗಡೆ ಭಾರ. ಬಿಚ್ಚಿದೆ, ಕಟ್ಟಿದೆ, ಮತ್ತೆ ಬಿಚ್ಚಿದೆ. ಕಾರಣ ಸಿಗಲಿಲ್ಲ. ಕೊನೆಗೆ ವೆಲ್ಡಿಂಗ್ ಮಾಡಿದ ಅಫ್ತಾಬನ ಮೇಲೆ ಹರಿಹಾಯ್ದೆ. ಎಡಗಡೆಯ ಗಾಲಿಗೆ ದಪ್ಪ ಪೈಪು ಹಾಕಿದ್ದೀಯ ಎಂದೆ. "ಅಣ್ಣಾ, ನಾ ವೆಲ್ಡಿಂಗ್ ಮಾಡಾಂವ. ನಿಮ್ಮ ತಲಿಯೊಳಗಿನ ಭಾರ ಇಳಸೂ ಮಷಿನ್ ನನ್ನ ಕಡೆ ಇಲ್ಲ" ಎಂದು ಎದ್ದು ಹೋದವನು ತಿರುಗಿ ಬಂದಿಲ್ಲ.

ಇವತ್ತು ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದರೆ ಎಡ ರೆಕ್ಕೆಯ ತುದಿಯ ಕೆಳಗೆ ಜೋಳ ಚೆಲ್ಲಿದೆ. ಅವ್ವ ಕೋಳಿಗೆ ಹಾಕಿರಬೇಕು ಎಂದುಕೊಂಡು ಬಗ್ಗಿದೆ. ನೋಡಿದರೆ ರೆಕ್ಕೆಯ ಬಟ್ಟೆಯಲ್ಲಿ ಮುಷ್ಟಿ ಹೋಗುವಷ್ಟು ತೂತು. ಇಲಿ! ಎಷ್ಟೋ ತಿಂಗಳು ಕೂತು ಕಟ್ಟಿದ ವಿಮಾನವನ್ನು ಇಲಿ ತಿಂದಿದೆ, ವಿದ್ಯಾ!

ರೆಕ್ಕೆಗೆ ಬಟ್ಟೆ ಹೊಲಿದವರು ನಮ್ಮ ಅವ್ವ ಮತ್ತು ಅಫ್ತಾಬನ ಹೆಂಡತಿ ಕರೀಮಾ. ಅವರಿಬ್ಬರು ಹೊಲಿಯುವ ಕೌದಿಯಷ್ಟು ಬಿಗಿಯಾದ ಹೊಲಿಗೆ ಉಮದಿಯಲ್ಲಿ ಮತ್ತೊಂದಿಲ್ಲ ಎಂದೇ ಕೊಟ್ಟಿದ್ದೆ. ಕೌದಿಯ ಕೊನೆಯ ಮೂಲೆ ಮುಚ್ಚುವಾಗ ಅದರ ಹೊಟ್ಟೆ ಖಾಲಿ ಇರಬಾರದೆಂದು ಒಳಗೆ ಕಾಳು ಇಟ್ಟು ಹೊಲಿಯುತ್ತಾರಲ್ಲ, ಅದು ನನಗೆ ಹೊಳೆಯಲೇ ಇಲ್ಲ.

"ಅವ್ವಾ, ಇದು ಕೌದಿ ಅಲ್ಲ, ವಿಮಾನದ ರೆಕ್ಕಿ!" ಎಂದು ಕೂಗಾಡಿದೆ.

"ಸೂಜೀಲೆ ಹೊಲದೀವಿ, ಮತ್ತ ಕೌದಿ ಅಲ್ದ ಏನೋ? ಹಸದ ಹೊಟ್ಟೀಲೆ ಅಷ್ಟ ಮ್ಯಾಲ ಕಳಸಾಕ ನಿನಗರೆ ಮನಸ್ಸ ಹೆಂಗ ಬರ್ತದ?" ಎಂದು ಅವ್ವ ನನ್ನನ್ನೇ ಗದರಿದಳು.

ಸಿಟ್ಟಿನಲ್ಲೇ ಆ ಮೂಲೆ ಕೊಯ್ದೆ. ಅರ್ಧ ಕಡಿದ ಜೋಳದ ಗಂಟು ಹೊರಗೆ ಬಿತ್ತು. ನಿನ್ನ ಹಸಿರು ಇಳಕಲ್ ಸೀರೆಯ ಸೆರಗಿನ ತುಂಡು. ನನಗೆ ಗುರುತು ಸಿಗದೆ ಇದ್ದೀತೆ? ಅವ್ವ ಶೆಡ್ಡಿನ ತಗಡು ನೋಡುತ್ತ ನಿಂತಳು. ಕೂಗಾಟ ಕೇಳಿ ಬಂದಿದ್ದ ಕರೀಮಾ ತಡೆಯಲಾರದೆ, "ಎಷ್ಟಂತ ಮುಚ್ಚಿಡೂದು? ಅಣ್ಣಾ, ನೀವು ಬಿಜಾಪುರಕ್ಕ ಬೋಲ್ಟ್ ತರಾಕ ಹೋಗಿದ್ರಲ್ಲ, ಅವತ್ತ ವಿದ್ಯಾ ವೈನಿ ಬಂದಿದ್ರು. ಆ ಮೂಲಿ ಹೊಲದವ್ರು ಅವರ. ನಮಗ ಮುಟ್ಟಾಕ ಸುದ್ದಾ ಬಿಡಲಿಲ್ಲ" ಎಂದಳು.

ನನ್ನ ಮುಖವನ್ನೂ ನೋಡದೆ, ಬಸ್ಸು ಹಿಡಿದು ಬಂದು, ರೆಕ್ಕೆಗೆ ಉಣಿಸಿ ಹೋದೆಯಾ? ಆ ಎರಡು ಹಿಡಿ ಜೋಳಕ್ಕಾಗಿ ನಾನು ಅಫ್ತಾಬನಂಥವನ ಮನಸ್ಸು ನೋಯಿಸಿದೆ. ಈಗ ಹೊಸ ಬಟ್ಟೆ ಹೊಲಿಯಬೇಕು, ವಾರ್ನಿಶ್ ಬಳಿದು ಒಣಗಿಸಬೇಕು, ಮತ್ತೆ ಬಳಿಯಬೇಕು. ಹಾರಾಟ ಮುಂದಿನ ಭಾನುವಾರಕ್ಕೆ ಹೋಯಿತು. ನಿನ್ನನ್ನು ಚೆನ್ನಾಗಿ ಬೈಯಬೇಕೆಂದೇ ಪೆನ್ನು ಹಿಡಿದೆ. ಬೈಗುಳ ಬರುತ್ತಿಲ್ಲ, ಅದಕ್ಕೂ ಸಿಟ್ಟು. ಅಫ್ತಾಬನ ಮನೆಗೆ ಹೋಗಿ ತಪ್ಪಾಯಿತು ಎನ್ನಬೇಕು. ಬರಿಗೈಯಲ್ಲಿ ಬಂದರೆ ಬಾಗಿಲು ತೆಗೆಯುವುದಿಲ್ಲ ಎಂದು ಕರೀಮಾ ಈಗಲೇ ಹೆದರಿಸಿದ್ದಾಳೆ.

ಸಿಟ್ಟು ಇನ್ನೂ ಇಳಿಯದ ನಿನ್ನ
ಅಣ್ಣಾರಾಯ

ತಾ.ಕ.: ಕಾಗದ ಅಂಟಿಸಲು ಆಗಲಿಲ್ಲ. ವಿಮಾನದಲ್ಲಿ ಕೂರುವವನು ನಾನಲ್ಲ, ವಿದ್ಯಾ. ದೂರದ್ದು ನನಗೆ ಮಸುಕಾಗಿದೆ. ಹಾರಿಸುವ ಮಾತೇ ಬೇಡ ಎಂದು ಡಾಕ್ಟರು ದೀಪಾವಳಿಗೆ ಮುಂಚೆಯೇ ಹೇಳಿದರು. ಸೊಲ್ಲಾಪುರದ ಕಡೆಯ ಪೈಲಟ್ ಒಬ್ಬರು ಬರುತ್ತಾರೆ. ಇಷ್ಟು ಹೇಳಿದ್ದರೆ ನೀನು ಆವತ್ತೇ ಮನೆಗೆ ಬರುತ್ತಿದ್ದೆ. ಕಣ್ಣು ಮಂಜಾದ ಗಂಡನ ಮೇಲೆ ಮರುಕಪಟ್ಟು ಬರುವುದಕ್ಕಿಂತ ಸಿಟ್ಟಿನಲ್ಲಿ ದೂರ ಇರುವುದೇ ವಾಸಿ ಎನಿಸಿತ್ತು. ಹಾರುವವನು ನಾನೇ ಎಂದುಕೊಂಡು ಆ ಜೋಳ ನೀನು ನನ್ನ ಜೀವಕ್ಕಾಗಿ ಇಟ್ಟದ್ದು ಎಂದು ತಿಳಿದ ಮೇಲೆ ಸುಮ್ಮನಿರಲಾರೆ. ಅವ್ವನಿಗೆ ಇನ್ನೂ ಹೇಳಿಲ್ಲ. ಮುಂದಿನ ಭಾನುವಾರ ಬಾ. ಅದು ಮೇಲೆ ಹೋದ ಮೇಲೆ ನನಗೆ ಕಾಣುವುದಿಲ್ಲ. ಎಲ್ಲಿದೆ, ಹೇಗೆ ಹಾರುತ್ತಿದೆ ಎಂದು ಪಕ್ಕದಲ್ಲಿ ನಿಂತು ನೀನೇ ಹೇಳಬೇಕು.